ನೂರಕ್ಕೆ ನೂರು ಗುಣ: ಯಾರಿಗೆ?

ಓದುಗರ ಪತ್ರ

“ಕ್ಯಾನ್ಸರಿಗೆ ಹೊಸ ಔಷಧ, ಹೊಸ ಪರೀಕ್ಷೆ ಎಂದು ನಿಮ್ಮ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಓದುತ್ತಿದ್ದೇನೆ. ಒಂದು ಪ್ರಯೋಗದಲ್ಲಿ ನೂರಕ್ಕೆ ನೂರು ರೋಗಿಗಳು ಶಸ್ತ್ರಚಿಕಿತ್ಸೆಯೇ ಇಲ್ಲದೆ ಗುಣವಾದರೆಂದೂ ಬರೆದಿದ್ದಿರಿ. ನನ್ನ ಅಣ್ಣನಿಗೆ ದೊಡ್ಡಕರುಳಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯಾಗಿ ಈಗ ಕೀಮೋ ನಡೆಯುತ್ತಿದೆ. ಕೊಡುತ್ತಿರುವುದು ಹಳೆಯ ಔಷಧಗಳನ್ನೇ. ಸುದ್ದಿ ಸುಳ್ಳೋ, ವೈದ್ಯರಿಗೆ ಗೊತ್ತಿಲ್ಲವೋ? ಒಮ್ಮೆ ರಕ್ತ ಕೊಟ್ಟರೆ ಹತ್ತಾರು ಬಗೆಯ ಕ್ಯಾನ್ಸರನ್ನು ಪತ್ತೆ ಹಚ್ಚುವ ಪರೀಕ್ಷೆಯೂ ಬಂದಿದೆಯಂತೆ. ಮನೆಯವರೆಲ್ಲ ಅದನ್ನು ಮಾಡಿಸಿಕೊಂಡರೆ ನಷ್ಟವೇನು?”

ಸಂಪಾದಕರ ಉತ್ತರ

ಮಾನ್ಯರೇ,

ಸುದ್ದಿ ಸುಳ್ಳಲ್ಲ. ನಿಮ್ಮ ಅಣ್ಣನ ವೈದ್ಯರಿಗೆ ಅದು ತಿಳಿಯದಿರುವ ಸಂಭವವೂ ಕಡಿಮೆ. ನೀವು ಹೇಳುತ್ತಿರುವುದು 2022ರ ಜೂನ್‌ನಲ್ಲಿ ಪ್ರಕಟವಾದ ಅಧ್ಯಯನ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ಆಂಡ್ರಿಯಾ ಸೆರ್ಸೆಕ್, ಲೂಯಿಸ್ ಡಯಾಜ್ ಮತ್ತು ಸಂಗಡಿಗರು ದೊಡ್ಡಕರುಳಿನ ತುದಿಯಲ್ಲಿರುವ ಗುದನಾಳದ ಕ್ಯಾನ್ಸರ್ ಇದ್ದವರಿಗೆ ಡೋಸ್ಟಾರ್ಲಿಮ್ಯಾಬ್ ಎಂಬ ಔಷಧವನ್ನು ಮೂರು ವಾರಕ್ಕೊಮ್ಮೆ, ಆರು ತಿಂಗಳು ಕೊಟ್ಟರು. ಚಿಕಿತ್ಸೆ ಪೂರೈಸಿದ ಮೊದಲ 12 ಮಂದಿಯಲ್ಲಿ ಒಬ್ಬರಲ್ಲೂ ಗಡ್ಡೆ ಉಳಿಯಲಿಲ್ಲ. ಸ್ಕ್ಯಾನಿನಲ್ಲಿ ಇಲ್ಲ, ಎಂಡೊಸ್ಕೋಪಿಯಲ್ಲಿ ಇಲ್ಲ, ಬಯಾಪ್ಸಿಯಲ್ಲೂ ಇಲ್ಲ. ಯಾರಿಗೂ ಕೀಮೋ, ವಿಕಿರಣ, ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. 2025ರ ವರದಿಯಲ್ಲಿ ಗುದನಾಳದ ಗಡ್ಡೆಯಿದ್ದವರ ಸಂಖ್ಯೆ 49ಕ್ಕೆ ಏರಿತ್ತು, ಫಲಿತಾಂಶ ಹಾಗೆಯೇ ಇತ್ತು. ಇದನ್ನು ನಾವು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕದೆ ಇನ್ನಾವುದನ್ನು ಹಾಕಬೇಕಿತ್ತು?

ಆದರೆ ಆ ರೋಗಿಗಳು ಯಾರು ಎಂಬುದು ಶೀರ್ಷಿಕೆಯಲ್ಲಿ ಹಿಡಿಸುವ ವಿಷಯವಲ್ಲ. ಅವರೆಲ್ಲರ ಗಡ್ಡೆಗಳಲ್ಲಿ ಒಂದೇ ಬಗೆಯ ದೋಷವಿತ್ತು. ಜೀವಕೋಶ ಇಬ್ಭಾಗವಾಗುವಾಗ ಡಿಎನ್‌ಎ ನಕಲಾಗುತ್ತದೆ, ನಕಲಿನಲ್ಲಿ ತಪ್ಪುಗಳು ನುಸುಳುತ್ತವೆ. ನಮ್ಮ ಕಚೇರಿಯಲ್ಲಿ ಕರಡು ತಿದ್ದುವವರಿರುವಂತೆ ಜೀವಕೋಶದಲ್ಲಿಯೂ ಆ ತಪ್ಪುಗಳನ್ನು ತಿದ್ದುವ ಪ್ರೋಟೀನುಗಳಿವೆ. ಎಂಎಲ್‌ಎಚ್‌1, ಎಂಎಸ್‌ಎಚ್‌2, ಎಂಎಸ್‌ಎಚ್‌6, ಪಿಎಂಎಸ್‌2 ಎಂಬ ಈ ನಾಲ್ವರಲ್ಲಿ ಯಾರಾದರೂ ಕೆಲಸಕ್ಕೆ ಬಾರದಿದ್ದರೆ ತಪ್ಪುಗಳು ಸಾವಿರಗಟ್ಟಲೆ ಕೂಡಿಕೊಳ್ಳುತ್ತವೆ. ಇದಕ್ಕೆ ‘ಮಿಸ್‌ಮ್ಯಾಚ್ ರಿಪೇರ್’ ಕೊರತೆ ಎನ್ನುತ್ತಾರೆ. ಇಂಥ ಗಡ್ಡೆ ತಯಾರಿಸುವ ಪ್ರೋಟೀನುಗಳು ಎಷ್ಟು ವಿಚಿತ್ರವಾಗಿರುತ್ತವೆಂದರೆ, ದೇಹದ ರೋಗನಿರೋಧಕ ಕೋಶಗಳು ಅವನ್ನು ಪರಕೀಯವೆಂದು ಸುಲಭವಾಗಿ ಗುರುತಿಸಬಲ್ಲವು. ಗುರುತಿಸಿದರೂ ಮೇಲೆ ಬೀಳದಂತೆ ಗಡ್ಡೆ ಆ ಕೋಶಗಳ ಪಿಡಿ-1 ಎಂಬ ತಡೆಯನ್ನು ಒತ್ತಿ ಹಿಡಿದಿರುತ್ತದೆ. ಡೋಸ್ಟಾರ್ಲಿಮ್ಯಾಬ್ ಆ ತಡೆಯನ್ನು ಬಿಡಿಸುತ್ತದೆ. ರೋಗನಿರೋಧಕ ಕೋಶಗಳ ಇಂಥ ತಡೆಗಳನ್ನು ಬಿಡಿಸಿ ಕ್ಯಾನ್ಸರಿಗೆ ಚಿಕಿತ್ಸೆ ಕೊಡಬಹುದೆಂದು ತೋರಿಸಿದ್ದಕ್ಕೇ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದದ್ದು.

ಗುದನಾಳದ ಕ್ಯಾನ್ಸರುಗಳಲ್ಲಿ ಈ ದೋಷ ಇರುವುದು ಶೇ 5ರಿಂದ 10ರಷ್ಟರಲ್ಲಿ ಮಾತ್ರ. ಉಳಿದವುಗಳ ಮೇಲೆ ಇದೇ ಔಷಧವನ್ನು ಒಂಟಿಯಾಗಿ ಪ್ರಯೋಗಿಸಿದರೆ ಹೆಚ್ಚೇನೂ ಆಗುವುದಿಲ್ಲ. ‘ನೂರಕ್ಕೆ ನೂರು’ ಎಂಬುದು ನಿಜವಾಗಿ ಹತ್ತರಲ್ಲಿ ಒಂದಕ್ಕಿಂತಲೂ ಸಣ್ಣ ಗುಂಪಿನೊಳಗಿನ ನೂರು. ನಿಮ್ಮ ಅಣ್ಣನ ವೈದ್ಯರು ಅದನ್ನು ಕೊಡುತ್ತಿಲ್ಲವೆಂದರೆ ಬಹುಶಃ ಅಣ್ಣನ ಗಡ್ಡೆ ಆ ಗುಂಪಿಗೆ ಸೇರಿಲ್ಲ. ಬಹುಶಃ ಎನ್ನುತ್ತಿದ್ದೇನೆ, ಏಕೆಂದರೆ ಪತ್ರದಲ್ಲಿ ನೀವು ಆ ಪರೀಕ್ಷೆಯ ಮಾತನ್ನೇ ಎತ್ತಿಲ್ಲ. ತೆಗೆದ ಗಡ್ಡೆಯ ತುಣುಕು ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಇರುತ್ತದೆ. ಆ ನಾಲ್ಕು ಪ್ರೋಟೀನುಗಳು ಇವೆಯೇ ಇಲ್ಲವೇ ಎಂಬುದನ್ನು ಬಣ್ಣ ಹಚ್ಚಿ ನೋಡಬಹುದು. ಮುಂದಿನ ಭೇಟಿಯಲ್ಲಿ ನೇರವಾಗಿ ಕೇಳಿ: “ಮಿಸ್‌ಮ್ಯಾಚ್ ರಿಪೇರ್ ಪರೀಕ್ಷೆ ಆಗಿದೆಯೇ? ಏನು ಬಂದಿದೆ?” ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಈ ದೋಷದ ಪಾಲು ತುಸು ಹೆಚ್ಚು, ಸುಮಾರು ಶೇ 15. ದೋಷ ಇದ್ದು, ರೋಗ ಪಕ್ಕದ ದುಗ್ಧಗ್ರಂಥಿಗಳಿಗೆ ಹರಡಿದ ಮೂರನೆಯ ಹಂತದಲ್ಲಿದ್ದರೆ, ಶಸ್ತ್ರಚಿಕಿತ್ಸೆಯ ನಂತರದ ಕೀಮೋ ಜೊತೆಗೆ ಅಟೆಜೊಲಿಜುಮ್ಯಾಬ್ ಎಂಬ, ಇದೇ ಬಗೆಯಲ್ಲಿ ತಡೆ ಬಿಡಿಸುವ ಔಷಧ ಸೇರಿಸುವುದರಿಂದ ಲಾಭವಿದೆ ಎಂದು 2025ರಲ್ಲಿ ವರದಿಯಾಗಿದೆ: ಮೂರು ವರ್ಷ ರೋಗ ಮರುಕಳಿಸದೆ ಉಳಿದವರು ಕೀಮೋ ಮಾತ್ರ ಪಡೆದವರಲ್ಲಿ ಸುಮಾರು ಶೇ 76, ಎರಡನ್ನೂ ಪಡೆದವರಲ್ಲಿ ಸುಮಾರು ಶೇ 86. ಆದ್ದರಿಂದ ಈ ಪ್ರಶ್ನೆಯನ್ನು ಕೀಮೋ ನಡೆಯುತ್ತಿರುವಾಗಲೇ ಕೇಳುವುದು ಒಳ್ಳೆಯದು.

‘ಹಳೆಯ ಔಷಧ’ ಎಂಬ ನಿಮ್ಮ ಮಾತಿಗೆ ನನ್ನ ತಕರಾರಿದೆ. ಅಣ್ಣನಿಗೆ ಕೊಡುತ್ತಿರುವುದರಲ್ಲಿ 5-ಫ್ಲೂರೊಯುರಾಸಿಲ್ ಅಥವಾ ಅದರದೇ ಮಾತ್ರೆಯ ರೂಪ ಇದ್ದೇ ಇರುತ್ತದೆ ಎಂದುಕೊಳ್ಳುತ್ತೇನೆ. ಚಾರ್ಲ್ಸ್ ಹೈಡಲ್‌ಬರ್ಗರ್ ಮತ್ತು ಸಹೋದ್ಯೋಗಿಗಳು ಅದನ್ನು ಲೋಕಕ್ಕೆ ತಿಳಿಸಿದ್ದು 1957ರಲ್ಲಿ. ಅದಕ್ಕೆ ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧ ಸೇರಿಸಿದರೆ ಹೆಚ್ಚು ಜನರಲ್ಲಿ ರೋಗ ಮರಳುವುದಿಲ್ಲವೆಂದು 2,246 ರೋಗಿಗಳ ಪ್ರಯೋಗವೊಂದು 2004ರಲ್ಲಿ ತೋರಿಸಿತು: ಮೂರು ವರ್ಷಕ್ಕೆ ಶೇ 72.9 ಇದ್ದದ್ದು ಶೇ 78.2 ಆಯಿತು. ನೂರು ಜನರಲ್ಲಿ ಐವರು ಹೆಚ್ಚು. ಶೀರ್ಷಿಕೆಗೆ ಒದಗುವ ಅಂಕಿಯಲ್ಲ, ನಿಜ. ಆದರೆ ಅದು ಗಟ್ಟಿಯಾದ ಅಂಕಿ. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಹೋಲಿಸಿ, ವರ್ಷಗಟ್ಟಲೆ ಹಿಂಬಾಲಿಸಿ ಪಡೆದದ್ದು.

ಈ ಹೋಲಿಕೆಯನ್ನು ಬಿಟ್ಟು ಓಡಿದರೆ ಏನಾಗುತ್ತದೆಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. 1980ರ ದಶಕದ ಕೊನೆಯಿಂದ ಹರಡಿದ ಸ್ತನ ಕ್ಯಾನ್ಸರಿಗೆ ವಿಪರೀತ ಪ್ರಮಾಣದ ಕೀಮೋ ಕೊಟ್ಟು, ಅದರಿಂದ ಹಾಳಾದ ಅಸ್ಥಿಮಜ್ಜೆಯ ಬದಲಿಗೆ ರೋಗಿಯಿಂದಲೇ ಮೊದಲು ತೆಗೆದಿಟ್ಟ ಕೋಶಗಳನ್ನು ಮರಳಿ ತುಂಬುವ ಚಿಕಿತ್ಸೆ ಜನಪ್ರಿಯವಾಯಿತು. ತರ್ಕ ಚೆನ್ನಾಗಿತ್ತು: ಸ್ವಲ್ಪ ಔಷಧ ಸ್ವಲ್ಪ ಕೊಲ್ಲುತ್ತದೆ, ಬಹಳ ಔಷಧ ಎಲ್ಲವನ್ನೂ ಕೊಲ್ಲುತ್ತದೆ. ಸಣ್ಣ ಅಧ್ಯಯನಗಳ ಫಲಿತಾಂಶವೂ ಚೆನ್ನಾಗಿತ್ತು, ಏಕೆಂದರೆ ಅಷ್ಟು ಘೋರ ಚಿಕಿತ್ಸೆಯನ್ನು ತಾಳಬಲ್ಲ ಗಟ್ಟಿ ದೇಹದವರನ್ನೇ ಅವಕ್ಕೆ ಆರಿಸಲಾಗುತ್ತಿತ್ತು. ಅಮೆರಿಕದಲ್ಲಿ ವಿಮಾ ಕಂಪನಿಗಳು ಹಣ ಕೊಡಲು ಒಲ್ಲೆನೆಂದಾಗ ರೋಗಿಗಳು ನ್ಯಾಯಾಲಯಕ್ಕೆ ಹೋದರು. ಸರಿಯಾದ ಹೋಲಿಕೆಯ ಪ್ರಯೋಗಕ್ಕೆ ಬರಲು ಮಹಿಳೆಯರು ಒಪ್ಪುತ್ತಿರಲಿಲ್ಲ. ‘ಹಳೆಯ’ ಚಿಕಿತ್ಸೆಯ ಗುಂಪಿಗೆ ಬೀಳುವುದು ಯಾರಿಗೆ ಬೇಕು? ಹಾಗಾಗಿ ಪ್ರಯೋಗಗಳು ತೆವಳಿದವು. 30 ಸಾವಿರಕ್ಕೂ ಹೆಚ್ಚು ಮಹಿಳೆಯರು ಈ ಚಿಕಿತ್ಸೆ ಪಡೆದರು, ಕೆಲವರು ಚಿಕಿತ್ಸೆಯಿಂದಲೇ ತೀರಿಕೊಂಡರು. 1999ರಲ್ಲಿ ಕೊನೆಗೂ ದೊಡ್ಡ ಪ್ರಯೋಗಗಳ ಫಲಿತಾಂಶ ಬಂದಾಗ ಸಾಧಾರಣ ಕೀಮೋಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಭಾರೀ ಲಾಭವಿದೆ ಎಂದವರು ದಕ್ಷಿಣ ಆಫ್ರಿಕಾದ ವರ್ನರ್ ಬೆಜ್ವೊಡ. ಮರುವರ್ಷ ಅವರ ದಾಖಲೆಗಳನ್ನು ಪರಿಶೀಲಿಸಲು ತಂಡವೊಂದು ಹೋಯಿತು; ಅವರು ಅಂಕಿಅಂಶ ತಿರುಚಿದ್ದರು. ಈ ಕಥೆಯನ್ನು ಬಲ್ಲ ವೈದ್ಯರು ಹೊಸ ಔಷಧದ ಸುದ್ದಿ ಕೇಳಿ ಕುಣಿಯದೆ “ದೊಡ್ಡ ಹೋಲಿಕೆಯ ಪ್ರಯೋಗ ಮುಗಿಯಲಿ” ಎಂದರೆ ಅದನ್ನು ಜಡತನವೆಂದು ಕರೆಯಲು ನಾನು ಸಿದ್ಧನಿಲ್ಲ.

ಇನ್ನು ರಕ್ತ ಪರೀಕ್ಷೆ. ಸಾಯುವ ಕ್ಯಾನ್ಸರ್ ಕೋಶಗಳು ತಮ್ಮ ಡಿಎನ್‌ಎ ಚೂರುಗಳನ್ನು ರಕ್ತಕ್ಕೆ ಬಿಡುತ್ತವೆ; ಆ ಚೂರುಗಳ ರಾಸಾಯನಿಕ ಗುರುತುಗಳನ್ನು ಓದಿ, ಕ್ಯಾನ್ಸರ್ ಇದೆಯೇ, ಇದ್ದರೆ ಯಾವ ಅಂಗದ್ದು ಎಂದು ಊಹಿಸುವುದು ಇದರ ವಿಧಾನ. ಬುದ್ಧಿವಂತಿಕೆಗೆ ತಲೆದೂಗಲೇಬೇಕು. ಗ್ಯಾಲೆರಿ ಎಂಬ ಹೆಸರಿನ ಇಂಥ ಪರೀಕ್ಷೆಯ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಕ್ಯಾನ್ಸರಿನ ಲಕ್ಷಣವಿಲ್ಲದ, 50 ದಾಟಿದ 6,621 ಜನರ ರಕ್ತ ನೋಡಿದಾಗ 92 ಮಂದಿಯಲ್ಲಿ ಸಂಕೇತ ಕಂಡಿತು. ಅವರಲ್ಲಿ ನಿಜವಾಗಿ ಕ್ಯಾನ್ಸರ್ ಇದ್ದವರು 35. ಉಳಿದ 57 ಮಂದಿ ಮತ್ತಷ್ಟು ಪರೀಕ್ಷೆ, ಕಾಯುವಿಕೆ ಅನುಭವಿಸಿ ‘ಏನೂ ಇಲ್ಲ’ ಎಂಬ ಉತ್ತರ ಪಡೆದರು. ಇನ್ನೊಂದು ಕಡೆ, ಅದೇ ಒಂದು ವರ್ಷದಲ್ಲಿ ಆ ಗುಂಪಿನಲ್ಲಿ ಒಟ್ಟು 121 ಜನರಿಗೆ ಕ್ಯಾನ್ಸರ್ ಪತ್ತೆಯಾಗಿತ್ತು. ಅಂದರೆ 86 ಮಂದಿಗೆ ಪರೀಕ್ಷೆ ‘ಸಂಕೇತವಿಲ್ಲ’ ಎಂದಿತ್ತು. ನಿಮ್ಮ ಮನೆಯವರಲ್ಲೊಬ್ಬರು ಆ ಕಾಗದವನ್ನು ನಂಬಿ, ಮಲದಲ್ಲಿ ರಕ್ತ ಬರುತ್ತಿದ್ದರೂ ಸುಮ್ಮನಿದ್ದರೆ? ನೀವು ಕೇಳಿದ ‘ನಷ್ಟವೇನು’ ಎಂಬುದಕ್ಕೆ ಇದೂ ಒಂದು ಉತ್ತರ.

ಬೇಗ ಪತ್ತೆಯಾದರೆ ಒಳ್ಳೆಯದಲ್ಲವೇ ಎಂದು ನೀವು ಕೇಳುತ್ತೀರಿ. ಯಾವಾಗಲೂ ಅಲ್ಲ, ಮತ್ತು ಇದನ್ನು ಒಪ್ಪಿಕೊಳ್ಳಲು ನನಗೂ ಸಮಯ ಹಿಡಿಯಿತು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು 2001ರಿಂದ ಸೇರಿಸಿಕೊಂಡು, ಕೆಲವರಿಗೆ ವರ್ಷವರ್ಷವೂ ರಕ್ತದಲ್ಲಿ ಸಿಎ-125 ಎಂಬ ಪ್ರೋಟೀನಿನ ಪರೀಕ್ಷೆ, ಕೆಲವರಿಗೆ ಅಲ್ಟ್ರಾಸೌಂಡ್ ಮಾಡಿ, ಅಂಡಾಶಯದ ಕ್ಯಾನ್ಸರನ್ನು ಹುಡುಕಿದರು. ರಕ್ತ ಪರೀಕ್ಷೆಯ ಗುಂಪಿನಲ್ಲಿ ಆರಂಭದ ಹಂತದ ಕ್ಯಾನ್ಸರುಗಳು ಹೆಚ್ಚು ಸಿಕ್ಕವು. ಎಲ್ಲರೂ ಆಸೆಯಿಂದ ಕಾದರು. 2021ರಲ್ಲಿ ಸಾವುಗಳನ್ನು ಎಣಿಸಿದಾಗ, ಪರೀಕ್ಷೆ ಮಾಡಿಸಿಕೊಂಡವರಿಗೂ ಮಾಡಿಸಿಕೊಳ್ಳದವರಿಗೂ ವ್ಯತ್ಯಾಸವಿರಲಿಲ್ಲ. ಕೊಲ್ಲುವ ಬಗೆಯ ಗಡ್ಡೆ ಎರಡು ವರ್ಷ ಮೊದಲು ಕಣ್ಣಿಗೆ ಬಿದ್ದ ಮಾತ್ರಕ್ಕೆ ಅದರ ಹಾದಿ ಬದಲಾಗಬೇಕೆಂದಿಲ್ಲ. ರೋಗಿ ‘ಕ್ಯಾನ್ಸರ್ ರೋಗಿ’ಯಾಗಿ ಬದುಕುವ ಅವಧಿ ಎರಡು ವರ್ಷ ಉದ್ದವಾಗುತ್ತದೆ, ಅಷ್ಟೇ.

ಇದಕ್ಕೆ ತಿರುಗಾಮುರುಗಾ ಕಥೆ ದಕ್ಷಿಣ ಕೊರಿಯದ್ದು. 1999ರಲ್ಲಿ ಅಲ್ಲಿ ಕ್ಯಾನ್ಸರ್ ತಪಾಸಣೆಯ ರಾಷ್ಟ್ರೀಯ ಯೋಜನೆ ಬಂದಾಗ ಥೈರಾಯ್ಡ್ ಅದರಲ್ಲಿ ಇರಲಿಲ್ಲ. ಆದರೂ ಸ್ವಲ್ಪ ಹೆಚ್ಚಿನ ಶುಲ್ಕಕ್ಕೆ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುವುದು ರೂಢಿಯಾಯಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರದ್ದಕ್ಕಿಂತ 15 ಪಟ್ಟಾಗಿತ್ತು. ಅದರಿಂದ ಸಾಯುವವರ ಪ್ರಮಾಣ? ಇದ್ದಲ್ಲೇ ಇತ್ತು. ಜೀವಮಾನವಿಡೀ ತೊಂದರೆ ಕೊಡದೆ ಇರುತ್ತಿದ್ದ ಚಿಕ್ಕ ಗಡ್ಡೆಗಳಿಗಾಗಿ ಸಾವಿರಾರು ಜನ ಗ್ರಂಥಿ ಕಳೆದುಕೊಂಡು ದಿನಾ ಮಾತ್ರೆ ನುಂಗುವಂತಾಯಿತು. ಕೆಲವರ ಧ್ವನಿ ಕೆಟ್ಟಿತು. ಕೊರಿಯದ ವೈದ್ಯರೇ 2014ರಲ್ಲಿ ಎಚ್ಚರಿಕೆ ಕೊಟ್ಟ ಮೇಲೆ ಶಸ್ತ್ರಚಿಕಿತ್ಸೆಗಳು ಒಂದೇ ವರ್ಷದಲ್ಲಿ ಮೂರನೆಯ ಒಂದು ಭಾಗದಷ್ಟು ಇಳಿದವು.

ತಪಾಸಣೆಯೇ ವ್ಯರ್ಥವೆಂದು ಇದರಿಂದ ತಿಳಿಯಬೇಡಿ. ವರ್ಷಗಟ್ಟಲೆ ಸಿಗರೇಟು ಸೇದಿದವರಲ್ಲಿ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್, ಎದೆಯ ಎಕ್ಸ್‌ರೇಗೆ ಹೋಲಿಸಿದರೆ, ಶ್ವಾಸಕೋಶದ ಕ್ಯಾನ್ಸರಿನ ಸಾವನ್ನು ಶೇ 20ರಷ್ಟು ಇಳಿಸುತ್ತದೆಂದು 2011ರಲ್ಲಿ ಸ್ಥಿರಪಟ್ಟಿದೆ. ನಿಮ್ಮ ಮನೆಗೆ ಸಂಬಂಧಿಸಿದ ತಪಾಸಣೆಯೂ ಒಂದಿದೆ: ಕೊಲೊನೊಸ್ಕೋಪಿ. ದೊಡ್ಡಕರುಳಿನ ಕ್ಯಾನ್ಸರ್ ಬಹುಪಾಲು ಪಾಲಿಪ್ ಎಂಬ ಸಣ್ಣ ಬೆಳವಣಿಗೆಯಿಂದ ನಿಧಾನವಾಗಿ ಹುಟ್ಟುತ್ತದೆ. ಕೊಳವೆ ಇಳಿಸಿ ನೋಡುವಾಗಲೇ ಅದನ್ನು ಕತ್ತರಿಸಿ ತೆಗೆಯಬಹುದು. ಒಡಹುಟ್ಟಿದವರಿಗೆ ಈ ರೋಗ ಬಂದಿದ್ದರೆ 40ನೆಯ ವಯಸ್ಸಿಗೆ, ಅಥವಾ ಅವರಿಗೆ ರೋಗ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಆರಂಭಿಸಬೇಕೆಂದು ಹಲವು ಮಾರ್ಗಸೂಚಿಗಳು ಹೇಳುತ್ತವೆ. ಸೊಗಸಾದ ಪರೀಕ್ಷೆಯಲ್ಲ, ಹಿಂದಿನ ದಿನದ ಭೇದಿಯ ಔಷಧವಂತೂ ಯಾರಿಗೂ ಇಷ್ಟವಾಗದು. ಆದರೂ ರಕ್ತ ಪರೀಕ್ಷೆಗೆ ಖರ್ಚು ಮಾಡುವ ಹಣವನ್ನು ನಾನಾದರೆ ಇದಕ್ಕೇ ಕೊಡುತ್ತೇನೆ.

ಇಲ್ಲಿ ಮತ್ತೆ ಆ ನಾಲ್ಕು ಪ್ರೋಟೀನುಗಳ ಪರೀಕ್ಷೆ ಬರುತ್ತದೆ. ಅಣ್ಣನ ಗಡ್ಡೆಯಲ್ಲಿ ದೋಷ ಕಂಡರೆ, ಅದು ಗಡ್ಡೆಯಲ್ಲಿ ಮಾತ್ರ ಹುಟ್ಟಿದ್ದೋ, ತಂದೆ ಅಥವಾ ತಾಯಿಯಿಂದ ಬಂದದ್ದೋ ಎಂದು ಮುಂದೆ ನೋಡುತ್ತಾರೆ. ವಂಶವಾಹಿಯಾಗಿ ಬಂದದ್ದಕ್ಕೆ ಲಿಂಚ್ ಸಿಂಡ್ರೋಮ್ ಎಂದು ಹೆಸರು. ಹಾಗಿದ್ದಲ್ಲಿ ನಿಮಗೂ ಅದು ಇರುವ ಸಾಧ್ಯತೆ ಎರಡರಲ್ಲೊಂದು. ಇದ್ದವರು ಚಿಕ್ಕ ವಯಸ್ಸಿನಿಂದಲೇ ವರ್ಷ ಎರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಮಾಡಿಸಬೇಕು. ಹಳೆಯ ಔಷಧದ ಬಗ್ಗೆ ಮುನಿದಿದ್ದೀರಲ್ಲ, ಇದನ್ನೂ ಕೇಳಿ: ಲಿಂಚ್ ಇರುವ 861 ಜನರ ಪ್ರಯೋಗದಲ್ಲಿ ಜಾನ್ ಬರ್ನ್ ಅವರ ತಂಡ ಅರ್ಧದಷ್ಟು ಜನರಿಗೆ ಸಾದಾ ಆಸ್ಪಿರಿನ್ ಕೊಟ್ಟಿತು. ಹತ್ತು ವರ್ಷದ ನಂತರ ನೋಡಿದರೆ ಕರುಳಿನ ಕ್ಯಾನ್ಸರ್ ಬಂದದ್ದು ಆಸ್ಪಿರಿನ್ ಪಡೆದವರಲ್ಲಿ ಶೇ 9ರಷ್ಟು ಮಂದಿಗೆ, ಪಡೆಯದವರಲ್ಲಿ ಶೇ 13ರಷ್ಟು ಮಂದಿಗೆ. ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲದು, ಹಾಗಾಗಿ ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಬೇರೆ ರೋಗಗಳ ಸುದ್ದಿಯನ್ನೂ ಹೀಗೆಯೇ ಓದಬೇಕೇ ಎಂದರೆ, ಹೌದು. ಆಲ್ಜೈಮರ್ ಕಾಯಿಲೆಗೆ ಬಂದ ಲೆಕಾನೆಮ್ಯಾಬ್ ಮರೆವಿನ ಇಳಿಜಾರನ್ನು ಶೇ 27ರಷ್ಟು ನಿಧಾನಗೊಳಿಸುತ್ತದೆ ಎಂಬ ಸುದ್ದಿ ನಿಜ. ಹದಿನೆಂಟು ತಿಂಗಳ ನಂತರ ಆ ವ್ಯತ್ಯಾಸ 18 ಅಂಕಗಳ ಮಾಪನದಲ್ಲಿ 0.45 ಅಂಕವೆಂಬುದೂ ನಿಜ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಮಾತ್ರ ಚಿತ್ರ ಸರಿಯಾಗುತ್ತದೆ. ಮತ್ತೊಂದೆಡೆ ಹೆಪಟೈಟಿಸ್-ಸಿ ನೋಡಿ. 2013ರ ನಂತರ ಬಂದ ಮಾತ್ರೆಗಳು ಎಂಟು ಹನ್ನೆರಡು ವಾರಗಳಲ್ಲಿ ನೂರರಲ್ಲಿ 95ಕ್ಕೂ ಹೆಚ್ಚು ಜನರನ್ನು ಗುಣಪಡಿಸುತ್ತವೆ. ಅಲ್ಲಿ ಶೀರ್ಷಿಕೆ ಎಷ್ಟು ಕೂಗಿದರೂ ತಪ್ಪಿರಲಿಲ್ಲ.

ಕೊನೆಯದಾಗಿ, ನೀವು ಕೇಳದ, ಆದರೆ ಅಣ್ಣನಿಗೆ ಬೇಕಾದ ಒಂದು ಸಂಶೋಧನೆ. ದೊಡ್ಡಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ ಮುಗಿಸಿದ 889 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರೋಗ್ಯದ ಕೈಪಿಡಿ ಮಾತ್ರ, ಇನ್ನೊಂದು ಗುಂಪಿಗೆ ಮೂರು ವರ್ಷ ತರಬೇತುದಾರರ ಮಾರ್ಗದರ್ಶನದಲ್ಲಿ ವ್ಯಾಯಾಮ ಕೊಡಿಸಿದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಐದು ವರ್ಷ ರೋಗ ಮರಳದೆ ಉಳಿದವರು ಮೊದಲ ಗುಂಪಿನಲ್ಲಿ ಶೇ 73.9, ಎರಡನೆಯದರಲ್ಲಿ ಶೇ 80.3. ಎಂಟು ವರ್ಷದ ನಂತರ ಬದುಕಿದ್ದವರು ಶೇ 83.2 ಮತ್ತು ಶೇ 90.3. ಬೇರೆ ಬೇರೆ ಪ್ರಯೋಗಗಳನ್ನು ಒಂದೇ ತಕ್ಕಡಿಯಲ್ಲಿ ಇಡುವಂತಿಲ್ಲ, ಆದರೂ ಮೇಲೆ ಹೇಳಿದ ಆಕ್ಸಾಲಿಪ್ಲಾಟಿನ್ ಲಾಭವನ್ನು ಒಮ್ಮೆ ನೆನಪಿಸಿಕೊಳ್ಳಿ. ವಾರಕ್ಕೆ ಮೂರು ನಾಲ್ಕು ಸಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಚುರುಕಾದ ನಡಿಗೆ, ಇಷ್ಟನ್ನು ಇದ್ದ ದಿನಚರಿಗೆ ಸೇರಿಸಿದರೆ ಅಲ್ಲಿಯ ಗುರಿಗೆ ಹೆಚ್ಚುಕಡಿಮೆ ಸಮವಾಗುತ್ತಿತ್ತು. ವ್ಯಾಯಾಮದ ಗುಂಪಿನಲ್ಲಿ ಸ್ನಾಯು, ಕೀಲುಗಳ ನೋವು ತುಸು ಹೆಚ್ಚಿತ್ತು. ಅವರು ಆರಂಭಿಸಿದ್ದು ಕೀಮೋ ಮುಗಿದು ಎರಡರಿಂದ ಆರು ತಿಂಗಳೊಳಗೆ. ಅಣ್ಣನ ಕೊನೆಯ ಸುತ್ತು ಯಾವಾಗ ಮುಗಿಯುತ್ತದೆ, ನಡಿಗೆ ಯಾವಾಗಿನಿಂದ, ಎಷ್ಟರಿಂದ ಶುರು ಮಾಡಬಹುದು ಎಂದು ಅದೇ ಭೇಟಿಯಲ್ಲಿ ಕೇಳಿ ಬರೆದುಕೊಳ್ಳಿ.

- ಸಂಪಾದಕ