ಅಪ್ಪನ ಕೆಮ್ಮನ್ನು ಕತ್ತರಿಸಿದ ಮಗ

ನಾನು ಆಪ್ತಸಮಾಲೋಚಕಿ. ತೀರಿಹೋದವರ ವಿಡಿಯೊ ಫೋನಿನಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಕೆಲವರು ದಿನಾ ರಾತ್ರಿ ಅದನ್ನೇ ನೋಡುತ್ತಾರೆ. ಕೆಲವರಿಗೆ ಆ ಫೋಲ್ಡರ್ ತೆರೆಯುವುದಕ್ಕೇ ಕೈ ಬರುವುದಿಲ್ಲ. ಹನ್ನೆರಡನೇ ದಿನಕ್ಕೆ ಏನು, ವರ್ಷಾಂತಕ್ಕೆ ಏನು ಎಂದು ಹಿರಿಯರು ಕ್ರಮ ಮಾಡಿಟ್ಟಿದ್ದಾರೆ. ಈ ಫೈಲುಗಳನ್ನು ಯಾರಿಗೆ ತೋರಿಸಬೇಕು, ಯಾವಾಗ ತೋರಿಸಬೇಕು ಎಂದು ಹೇಳಿಕೊಟ್ಟವರು ಯಾರೂ ಇಲ್ಲ. ಈ ಪ್ರಕರಣವನ್ನು ಬರೆಯುತ್ತಿರುವುದು ಅದಕ್ಕೇ.

ಇದು ಶಿರಸಿ ಸೀಮೆಯ ಯುವಕರೊಬ್ಬರದು. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೇ ಓದಲು ಕೊಟ್ಟು ಒಪ್ಪಿಗೆ ಪಡೆದಿದ್ದೇನೆ. ವಯಸ್ಸು ಮೂವತ್ತರ ಆಸುಪಾಸು. ಪೇಟೆಯಲ್ಲಿ ನೌಕರಿ, ಊರಲ್ಲಿ ಅಡಿಕೆ ತೋಟ, ಮನೆಯಲ್ಲಿ ಆಯಿ, ಅಂದರೆ ಅಮ್ಮ. ಅಪ್ಪ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅವರು ಬಂದದ್ದು ಅಪ್ಪನ ವಿಷಯ ಹೇಳಿಕೊಳ್ಳಲು ಅಲ್ಲ. ಮೂರು ವಾರದಿಂದ ನಿದ್ದೆ ಬರುತ್ತಿಲ್ಲ, ಇನ್ನು ಸಿನಿಮಾ ಗುಂಪಿಗೆ ಹೋಗುವುದಿಲ್ಲ, ಅಲ್ಲಿನವರ ಮೇಲೆ ವಿಪರೀತ ಸಿಟ್ಟು ಬರುತ್ತಿದೆ. ಹೇಳಿಕೊಂಡದ್ದು ಇಷ್ಟೇ.

ಗುಂಪಿನ ಬಗ್ಗೆ ಸ್ವಲ್ಪ ಹೇಳಬೇಕು. ತಿಂಗಳಿಗೊಂದು ಶನಿವಾರ ಸಂಜೆ, ಟ್ಯೂಷನ್ ಮಕ್ಕಳು ಹೋದ ಮೇಲೆ ಖಾಲಿಯಾಗುವ ಒಂದು ಹಾಲಿನಲ್ಲಿ ಅವರೆಲ್ಲ ಸೇರುತ್ತಾರೆ. ಫೋಟೊ ಸ್ಟುಡಿಯೊ ಇಟ್ಟವರೊಬ್ಬರು, ಒಬ್ಬ ಮೇಷ್ಟ್ರು, ಕಾಲೇಜಿನ ಹುಡುಗ ಹುಡುಗಿಯರು. ಹೆಚ್ಚಿನವರು ಫೋನಿನಲ್ಲೇ ಚಿತ್ರ ತೆಗೆಯುವವರು. ಒಬ್ಬರು ತಮ್ಮ ಚಿತ್ರ ತೋರಿಸುತ್ತಾರೆ, ಉಳಿದವರು ಅದರ ಮೇಲೆ ಮಾತಾಡುತ್ತಾರೆ. ಸಿನಿಮಾ ನೋಡಿ ಕೂತು ಚರ್ಚಿಸುವ ಅಭ್ಯಾಸ ನಮ್ಮ ಕಡೆಗೆ ಹೊಸದಲ್ಲ. ಘಟ್ಟದ ಮೇಲಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಅಲ್ಲಿನ ರಂಗಸಂಸ್ಥೆ ನೀನಾಸಂ ಮೂಲಕ 70ರ ದಶಕದಲ್ಲೇ ಹಳ್ಳಿಯವರನ್ನು ಕೂರಿಸಿಕೊಂಡು ಜಗತ್ತಿನ ಸಿನಿಮಾ ತೋರಿಸಿದವರು. ಸಣ್ಣ ಊರಿನಲ್ಲಿ ಮದುವೆ, ಮುಂಜಿ, ಆಫೀಸು ಬಿಟ್ಟು ಬೇರೆ ಕಾರಣಕ್ಕೆ ಹತ್ತು ಜನ ಸೇರುವ ಜಾಗ ಎಷ್ಟಿದೆ ಹೇಳಿ? ಇಂಥ ಗುಂಪುಗಳ ಮೇಲೆ ನನಗೆ ಗೌರವ ಇದೆ. ನಾನು ಕೊಟ್ಟ ಸಲಹೆಯಲ್ಲಿ ಈ ಗೌರವಕ್ಕೂ ಪಾಲಿದೆ.

ಆ ಶನಿವಾರ ಇವರ ಸರದಿ. ಚಿತ್ರ ಇಪ್ಪತ್ತು ನಿಮಿಷದ್ದು. ಒಬ್ಬ ಹಿರಿಯರು ಜಗಲಿಯಲ್ಲಿ ಕೂತು ಅಡಿಕೆಗೆ ಮದ್ದು ಹೊಡೆಯುವ ವಿಷಯ ಹೇಳುತ್ತಾರೆ. ಕೊಳೆ ರೋಗ ಬಂದ ವರ್ಷಗಳು, ಮಳೆ ತಾಗದಂತೆ ಅಡಿಕೆ ಗೊನೆಗಳಿಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದ ಕಾಲ, ಮದ್ದಿಗೆ ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೊ ಸುಣ್ಣ. ಹೊರಗೆ ಮಳೆ. ಹೇಳುತ್ತ ಹೇಳುತ್ತ ಅವರು ಕೆಮ್ಮುತ್ತಾರೆ, ತುಂಬಾ ಹೊತ್ತು. ಆ ಹಿರಿಯರು ತನ್ನ ಅಪ್ಪ, ಈಗ ಇಲ್ಲ ಎಂದು ಇವರು ಸಭೆಯಲ್ಲಿ ಹೇಳಲಿಲ್ಲ. ಗೊತ್ತಿದ್ದ ಇಬ್ಬರೋ ಮೂವರೋ ಸುಮ್ಮನೆ ಕೂತರು.

ಚಿತ್ರ ಮುಗಿದ ಮೇಲೆ ಒಬ್ಬರು ಹೇಳಿದರು: "ಮಾತು ಬಂಗಾರದಂಥದ್ದು. ಆದ್ರೆ ಆ ಕೆಮ್ಮು ಎಲ್ಲ ಕಟ್ ಮಾಡಿ. ಆ ಜಾಗದಲ್ಲಿ ಮಳೆ ಶಬ್ದ ತುಂಬಿ, ಮೇಲೆ ತೋಟದ ಒಂದು ಶಾಟ್ ಇಡಿ. ಗೊತ್ತೇ ಆಗಲ್ಲ." ಉಳಿದವರೂ ಹೌದೆಂದರು. ಇವರು ಥ್ಯಾಂಕ್ಸ್ ಹೇಳಿ ಮನೆಗೆ ಬಂದರು.

ಮೊದಲ ಭೇಟಿ ಸಿಟ್ಟಿನಲ್ಲೇ ಕಳೆಯಿತು. ಮನುಷ್ಯರೇ ಅಲ್ಲ ಅವರು, ಕಲೆ ಅಂದ್ರೆ ಏನೂಂತ ಗೊತ್ತಿಲ್ಲ, ಹೀಗೇ. ನಾನು ಕೇಳಿಸಿಕೊಂಡೆ. ಊಟ, ಕೆಲಸ ಹೇಗೆ ನಡೆದಿದೆ ಎಂದು ವಿಚಾರಿಸಿದೆ. ಬದುಕುವುದು ಬೇಡ ಅನ್ನಿಸುತ್ತಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳದೆ ಬಿಡುವುದಿಲ್ಲ. ಕೇಳಿದರೆ ಅಂಥ ಯೋಚನೆ ಬಂದುಬಿಡುತ್ತದೆ ಎಂಬ ಭಯ ಹಲವರಿಗಿದೆ, ಅದು ಸುಳ್ಳು.

ಎಲ್ಲ ತಿರುಗಿದ್ದು ಎರಡನೇ ಭೇಟಿಯಲ್ಲಿ. ಅವರು ಲ್ಯಾಪ್‌ಟಾಪ್ ತಂದಿದ್ದರು. ನಾನು ಕೇಳಿರಲಿಲ್ಲ. ತೆರೆದು ಪಕ್ಕಕ್ಕಿಟ್ಟು, "ಆ ರಾತ್ರಿನೇ ಕೂತು ಕಟ್ ಮಾಡ್ದೆ ಮೇಡಂ" ಎಂದರು. "ಎಲ್ಲಾ ಕೆಮ್ಮು ತೆಗ್ದೆ. ಹದಿಮೂರು ನಿಮಿಷಕ್ಕೆ ಬಂತು." ಸ್ವಲ್ಪ ಹೊತ್ತು ಪರದೆ ನೋಡಿದರು. "ಕೆಮ್ಮು ತೆಗೆದ್ಮೇಲೆ ಸಿನಿಮಾ ಚೆನ್ನಾಗಾಯ್ತು. ಅದನ್ನೇ ನನಗೆ ತಡ್ಕೊಳ್ಳೋಕೆ ಆಗ್ತಿಲ್ಲ."

ಸಭೆಯವರು ಕ್ರೂರಿಗಳು ಎನ್ನುವುದು ಅಲ್ಲಿಗೆ ಮುಗಿಯಿತು. ಅವರು ಹೇಳಿದ್ದು ಸರಿ ಎಂದು ಇವರ ಕೈಗೇ ಗೊತ್ತಾಗಿತ್ತು. ಇಂಥ ಹೊತ್ತಿನಲ್ಲಿ ಸಮಾಧಾನ ಹೇಳುವ ಆಸೆ ಆಗುತ್ತದೆ. ಹೇಳಬಾರದು. "ಕಟ್ ಮಾಡಿ ಮುಗಿಸಿ ಮೊದಲ ಸಲ ಪೂರ್ತಿ ನೋಡಿದಾಗ ಏನನ್ನಿಸಿತು?" ಎಂದಷ್ಟೇ ಕೇಳಿದೆ.

"ಹಾಯೆನಿಸ್ತು" ಎಂದರು. ಹೇಳಿದ ತಕ್ಷಣ ಅವರ ಮುಖ ಬಿಳಿಚಿಕೊಂಡಿತು.

ಆಮೇಲೆ ಅವರೇ ಒಂದು ಕ್ಲಿಪ್ ತೆಗೆದರು. ಚಿತ್ರದಲ್ಲಿ ಇಲ್ಲದ್ದು, ಸಭೆಗೆ ತೋರಿಸುವ ಮುಂಚೆಯೇ ತಾನೇ ಬಿಟ್ಟದ್ದು. ಅಪ್ಪ ಬಕೆಟ್ಟಿನ ಮುಂದೆ ಕೂತಿದ್ದಾರೆ, ಕೈಯಲ್ಲಿ ಕತ್ತಿ. ಮದ್ದು ಹದವಾಗಿದೆಯೋ ಇಲ್ಲವೋ ನೋಡುವ ಕ್ರಮ ತೋರಿಸಬೇಕು. ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಅದ್ದುವಷ್ಟರಲ್ಲಿ ಕೆಮ್ಮು ಬರುತ್ತದೆ, ನಿಲ್ಲುವುದೇ ಇಲ್ಲ. ಕ್ಯಾಮೆರಾದ ಹಿಂದಿನಿಂದ ಮಗನ ದನಿ: "ಅಪ್ಪಾ, ಒಂದ್ ನಿಮಿಷ ಕೆಮ್ಮಡ. ರೆಕಾರ್ಡ್ ಆಗ್ತಾ ಇದ್ದು." ಅಪ್ಪ ಎಡಗೈ ಎತ್ತಿ ಆಯ್ತು ಎನ್ನುವ ಹಾಗೆ ಆಡಿಸುತ್ತಾರೆ. ಕೆಮ್ಮು ನುಂಗುತ್ತಾರೆ. ಕಣ್ಣಲ್ಲಿ ನೀರು. ಮತ್ತೆ ಕತ್ತಿ ಅದ್ದಿ, "ನೋಡು, ಕೆಂಪಾಜಿಲ್ಲೆ" (ಕೆಂಪಾಗಿಲ್ಲ) ಎನ್ನುತ್ತಾರೆ.

ಕ್ಲಿಪ್ ನಿಂತ ಮೇಲೆ ಅವರು ಹೇಳಿದ್ದನ್ನು ಇಲ್ಲಿ ಚಿಕ್ಕದಾಗಿ ಬರೆಯುತ್ತೇನೆ. ಕೊನೆಯ ತಿಂಗಳುಗಳಲ್ಲಿ ರಾತ್ರಿಯೆಲ್ಲ ಕೆಮ್ಮು. ಇವರೂ ಆಯಿಯೂ ಸರದಿಯಲ್ಲಿ ಎದ್ದು ಬಿಸಿನೀರು ಕೊಡುವುದು, ಬೆನ್ನು ತಿಕ್ಕುವುದು. ಒಮ್ಮೊಮ್ಮೆ ದಿಂಬಿನಿಂದ ಕಿವಿ ಮುಚ್ಚಿಕೊಂಡು ಮಲಗಿದ್ದೂ ಇದೆ. ಅಪ್ಪ ಹೋದ ದಿನ ಎಲ್ಲ ಮುಗಿಸಿ ಬಂದು ಮಲಗಿದವರಿಗೆ ಬೆಳಗಿನವರೆಗೂ ಎಚ್ಚರವಾಗಲಿಲ್ಲ. "ಅಷ್ಟು ಒಳ್ಳೆ ನಿದ್ದೆ ನನಗೆ ಆರು ತಿಂಗಳಿಂದ ಬಂದಿರಲಿಲ್ಲ. ಅಪ್ಪ ಸತ್ತ ರಾತ್ರಿ ಬಂತು." ಒಂದೂವರೆ ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ನಾನು ಹೇಳಿದೆ: ದೀರ್ಘ ಕಾಯಿಲೆಯವರನ್ನು ನೋಡಿಕೊಂಡವರಲ್ಲಿ ತುಂಬಾ ಜನ ಇದನ್ನೇ ಅನುಭವಿಸುತ್ತಾರೆ. ತಿಂಗಳುಗಟ್ಟಲೆ ನಿದ್ದೆಗೆಟ್ಟ ದೇಹ, ಕಾವಲು ಮುಗಿದ ಕ್ಷಣ ಬಿದ್ದುಬಿಡುತ್ತದೆ. ಅದಕ್ಕೆ ದುಃಖ ಗೊತ್ತಿಲ್ಲ, ದಣಿವು ಗೊತ್ತು. ಅಪ್ಪನ ನರಳಾಟ ನಿಂತಿತು ಎಂದು ಹಾಯೆನಿಸುವುದೂ, ಅಪ್ಪ ಬೇಕು ಅನ್ನಿಸುವುದೂ ಒಂದೇ ಮನಸ್ಸಿನಲ್ಲಿ ಒಟ್ಟಿಗೇ ಇರುತ್ತವೆ. ನಿಮ್ಮ ಸಿಟ್ಟೆಲ್ಲ ಸಭೆಯವರ ಮೇಲೆ ಹೋಗಿದೆ. ಯಾಕಂದ್ರೆ ನೀವು ಎಂದೋ ಬಯಸಿದ್ದನ್ನು ಅವರು ಗೊತ್ತಿಲ್ಲದೆ ಬಾಯಿಬಿಟ್ಟು ಹೇಳಿದರು. ಇವರು ಬಹಳ ಹೊತ್ತು ಅತ್ತರು. ನೀರು ಕೊಟ್ಟು ಸುಮ್ಮನೆ ಕೂತೆ.

ಸಲಹೆ ಕೊಟ್ಟದ್ದು ಮೂರನೇ ಭೇಟಿಯಲ್ಲಿ. ಮೊದಲನೆಯದಾಗಿ ಮೂಲ ಕ್ಲಿಪ್‌ಗಳನ್ನು, ಕೆಮ್ಮಿನದೂ ಸೇರಿ, ಎರಡು ಹಾರ್ಡ್‌ಡಿಸ್ಕಿಗೆ ಹಾಕಿ, ಒಂದನ್ನು ಮನೆಯಿಂದ ಹೊರಗೆ ನಂಬಿಕಸ್ತರ ಹತ್ತಿರ ಇಡಿ ಎಂದೆ. ಕತ್ತರಿಸಿದ್ದು ಚಿತ್ರವನ್ನು ಮಾತ್ರ, ಅಪ್ಪ ಹಾಗೇ ಇದ್ದಾರೆ ಎಂಬುದು ಕಣ್ಣಿಗೆ ಕಾಣಬೇಕು. ಕಳೆದುಹೋಗುತ್ತದೆ ಎಂಬ ಹೆದರಿಕೆಯಲ್ಲಿ ಯಾರಿಗೂ ಎಡಿಟ್ ಮಾಡಲು ಆಗುವುದಿಲ್ಲ. ಎರಡನೆಯದು, ಕೆಮ್ಮಿರುವ ಕ್ಲಿಪ್‌ಗಳನ್ನು ಆಯಿಯ ಜತೆ ಕೂತು ನೋಡಿ, ಅವರು ಒಪ್ಪಿದರೆ. ಆ ರಾತ್ರಿಗಳಲ್ಲಿ ಎಚ್ಚರವಿದ್ದ ಇನ್ನೊಬ್ಬರು ಅವರೊಬ್ಬರೇ. ನಿದ್ದೆಯ ವಿಷಯವನ್ನೂ ಅವರಿಗೆ ಹೇಳಿ. ಮೂರನೆಯದು, ಅಪ್ಪನ ಚಿತ್ರವನ್ನು ಸದ್ಯಕ್ಕೆ ಸಭೆಗೆ ಒಯ್ಯಬೇಡಿ. ಆದರೆ ಮುಂದಿನ ಶನಿವಾರವೇ ನೀವು ಹೋಗಿ. ಬೇರೆಯವರ ಚಿತ್ರ ನೋಡಿ, ಮಾತಾಡಿ, ಚಾ ಕುಡಿದು ಬನ್ನಿ.

ಮೂರನೆಯದಕ್ಕೆ ನನ್ನ ವೃತ್ತಿಯವರಿಂದಲೇ ಆಕ್ಷೇಪ ಬಂತು. ಚಿತ್ರ ಒಯ್ಯಬೇಡಿ ಎಂದರೆ ನೋವಿನಿಂದ ತಪ್ಪಿಸಿಕೊಳ್ಳುವುದನ್ನು ಹೇಳಿಕೊಟ್ಟ ಹಾಗಲ್ಲವೇ ಎಂದರು ಒಬ್ಬರು. ಅಷ್ಟು ನೋಯಿಸಿದ ಜಾಗಕ್ಕೆ ಮತ್ತೆ ಯಾಕೆ ಕಳಿಸಿದಿರಿ ಎಂದರು ಇನ್ನೊಬ್ಬರು. ಎರಡಕ್ಕೂ ನನ್ನ ಉತ್ತರ ಒಂದೇ. ಊಟ್ರೆಕ್ಟ್ ವಿಶ್ವವಿದ್ಯಾಲಯದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶೂಟ್ 1999ರಲ್ಲಿ ಒಂದು ವಿಚಾರ ಮುಂದಿಟ್ಟರು. ಸಾವಾದ ಮೇಲೆ ಮನುಷ್ಯ ಒಂದು ಹೊತ್ತು ನಷ್ಟದ ಕಡೆ ತಿರುಗುತ್ತಾನೆ, ಒಂದು ಹೊತ್ತು ಬದುಕಿನ ಕಡೆ. ಈ ಹೋಗಿ ಬರುವುದರಿಂದಲೇ ಚೇತರಿಕೆ. ಇವರಿಗೆ ಬದುಕಿನ ಕಡೆಯ ಬಾಗಿಲು ಎಂದರೆ ಆ ಶನಿವಾರದ ಹಾಲ್. ಅಪ್ಪನ ಚಿತ್ರ ಅಲ್ಲಿಗೆ ಬಂದದ್ದರಿಂದ ಎರಡೂ ಕಡೆ ಒಂದೇ ಕೋಣೆಯಾಯಿತು. ಅವನ್ನು ಬೇರೆ ಮಾಡಿ ಎಂದೆ, ಅಷ್ಟೇ. ಗುಂಪು ಬಿಡಿ ಎಂದಿದ್ದರೆ ಒಂದೂವರೆ ವರ್ಷ ಅವರನ್ನು ಮನೆಯಿಂದ ಹೊರಗೆ ತಂದದ್ದನ್ನೇ ಕಿತ್ತುಕೊಂಡ ಹಾಗಾಗುತ್ತಿತ್ತು.

ಇದೇ ಸಲಹೆ ಎಲ್ಲರಿಗೂ ಸರಿಹೋಗುವುದಿಲ್ಲ. ಇವರು ಕೆಲಸಕ್ಕೆ ಹೋಗುತ್ತಿದ್ದರು, ಉಣ್ಣುತ್ತಿದ್ದರು, ತೋಟ ನೋಡಿಕೊಳ್ಳುತ್ತಿದ್ದರು. ಸಾವಾಗಿ ಆರು ತಿಂಗಳು ಕಳೆದರೂ ದಿನವಿಡೀ ಅದೇ ಹಂಬಲ, ದಿನದ ಕೆಲಸವೇ ನಡೆಯದ ಸ್ಥಿತಿ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ಅದಕ್ಕೆ ಬೇರೆಯೇ ಗುರುತಿದೆ. ಅದಕ್ಕೆ ಚಿಕಿತ್ಸೆಯೂ ಇದೆ. ಅಂಥವರನ್ನು ನಾನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಅಥವಾ ಹತ್ತಿರದ ಮನೋವೈದ್ಯರಿಗೆ ಕಳಿಸುತ್ತೇನೆ. ರಾತ್ರಿ ಹೊತ್ತಿನಲ್ಲಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಇಂಥ ಗುಂಪು ನಡೆಸುವವರಲ್ಲಿ ಒಂದು ವಿನಂತಿ. ಚಿತ್ರ ಮುಗಿದು ಲೈಟು ಹಾಕಿದ ಕೂಡಲೇ ಅಭಿಪ್ರಾಯ ಶುರುಮಾಡಬೇಡಿ. "ನಿಮಗೆ ನಮ್ಮಿಂದ ಏನು ತಿಳೀಬೇಕು?" ಎಂದು ಚಿತ್ರ ಮಾಡಿದವರನ್ನು ಮೊದಲು ಕೇಳಿ. ಮನೆಯವರನ್ನೇ ಚಿತ್ರ ಮಾಡಿ ತೋರಿಸುವವರು, ಅದರಲ್ಲೂ ತೀರಿಕೊಂಡವರಿದ್ದರೆ, ಶುರುವಿಗೇ ಒಂದು ಮಾತು ಹೇಳಿಬಿಡಿ. ಬಾಯಿಗೆ ಆ ಮಾತು ಬರುತ್ತಿಲ್ಲ ಎಂದಾದರೆ ಆ ಚಿತ್ರವನ್ನು ಚರ್ಚೆಗೆ ಇಡುವ ಹೊತ್ತು ಇನ್ನೂ ಬಂದಿಲ್ಲ. ಗೊತ್ತಿದ್ದೂ ಸುಮ್ಮನೆ ಕೂತ ಆ ಇಬ್ಬರು ಮೂವರ ಬಗ್ಗೆ ನನಗೆ ಬೇಸರವಿದೆ. ಅವರ ಖಾಸಗಿ ವಿಷಯ, ನಾವು ಯಾಕೆ ಹೇಳೋದು ಎಂದುಕೊಂಡಿರಬಹುದು. ಸಭೆ ಮುಗಿದ ಮೇಲೆ ಬೈಕ್ ಹತ್ತಿರ ಬಂದು "ಅಪ್ಪನನ್ನು ನೋಡಿದ ಹಾಗಾಯ್ತು ಮಾರಾಯ" ಅಂದಿದ್ದರೂ ಸಾಕಿತ್ತು, ಅಲ್ವಾ?

ಆಯಿ ಕ್ಲಿಪ್ ನೋಡಿದರು. "ಆ ರಾತ್ರಿ ನಾನೂ ವರಗಿದ್ದೆ (ಮಲಗಿ ನಿದ್ದೆ ಹೋಗಿದ್ದೆ), ನೀನೊಬ್ಬನೇ ಅಲ್ಲ" ಎಂದರಂತೆ. ನಿದ್ದೆ ಒಮ್ಮೆಗೇ ಸರಿಯಾಗಲಿಲ್ಲ, ನಿಧಾನಕ್ಕೆ ಸುಧಾರಿಸಿದೆ. ಅವರು ಶನಿವಾರದ ಸಭೆಗೆ ಹೋಗುತ್ತಿದ್ದಾರೆ. ಈಗ ಅಡಿಕೆ ಕೊಯ್ಲಿನ ಬಗ್ಗೆ ಇನ್ನೊಂದು ಚಿತ್ರ ಶುರುಮಾಡಿದ್ದಾರೆ. ಕೆಮ್ಮು ತೆಗೆಯಿರಿ ಎಂದವರೇ ಅದಕ್ಕೆ ಮೈಕ್ ಕೊಟ್ಟಿದ್ದಾರೆ. ಅಪ್ಪನ ಚಿತ್ರ ಇಪ್ಪತ್ತು ನಿಮಿಷದ್ದೋ ಹದಿಮೂರರದ್ದೋ ಇನ್ನೂ ತೀರ್ಮಾನವಾಗಿಲ್ಲ. ನಾನೂ ಕೇಳಿಲ್ಲ.