ಉಪ್ಪು ಹೋದ ದಾರಿಯಲ್ಲೇ ನೀರು

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ನಿನ್ನೆಯಿಂದ ಭೇದಿ. ಕುಡಿಸಿದ ನೀರೆಲ್ಲ ಹಾಗೇ ಹೊರಗೆ ಹೋಗುತ್ತಿದೆ. ಕರುಳು ನೀರನ್ನೇ ಹೀರದಿದ್ದರೆ ಓಆರ್‌ಎಸ್ ಕೊಟ್ಟು ಏನು ಪ್ರಯೋಜನ? ಕೊಡುವುದಾದರೆ ಒಂದು ಲೋಟಕ್ಕೆ ಅರ್ಧ ಪೊಟ್ಟಣ ಸಾಕೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಹೊರಗೆ ಬರುತ್ತಿರುವುದು ನೀವು ಕುಡಿಸಿದ ನೀರಷ್ಟೇ ಅಲ್ಲ, ಕರುಳು ತಾನೇ ಸುರಿಸುತ್ತಿರುವ ನೀರೂ ಅದರಲ್ಲಿದೆ. ದೊಡ್ಡವರ ಲೆಕ್ಕ ನೋಡಿ: ದಿನಕ್ಕೆ ಕುಡಿಯುವುದು ಸುಮಾರು 2 ಲೀಟರ್. ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕದ ರಸ ಎಲ್ಲ ಸೇರಿ ಇನ್ನೂ 7 ಲೀಟರ್ ಕರುಳಿಗೆ ಇಳಿಯುತ್ತದೆ. ಈ 9 ಲೀಟರ್‌ನಲ್ಲಿ ಹೆಚ್ಚಿನ ಪಾಲನ್ನು ಸಣ್ಣ ಕರುಳು ಹೀರುತ್ತದೆ, ಒಂದೂವರೆ ಲೀಟರಿನಷ್ಟನ್ನು ದೊಡ್ಡ ಕರುಳು. ಮಲದಲ್ಲಿ ಹೋಗುವುದು 100ರಿಂದ 200 ಮಿಲಿ ಮಾತ್ರ.

ನೀರನ್ನು ಎಳೆದುಕೊಳ್ಳುವ ಪಂಪು ಕರುಳಿನಲ್ಲಿ ಇಲ್ಲ. ಜೀವಕೋಶ ಎಳೆಯುವುದು ಉಪ್ಪಿನ ಸೋಡಿಯಂ ಅನ್ನು. ಅದರ ಬೆನ್ನಿಗೆ ನೀರು ಹೋಗುತ್ತದೆ. ಸೋಡಿಯಂ ಒಳಬರಲು ಹಲವು ಬಾಗಿಲುಗಳಿವೆ. ಅದರಲ್ಲಿ ಒಂದು ಬಾಗಿಲು ತೆರೆಯಬೇಕಾದರೆ ಎರಡು ಸೋಡಿಯಂ ಕಣಗಳ ಜೊತೆ ಒಂದು ಗ್ಲೂಕೋಸ್ ಕಣ ಇರಲೇಬೇಕು. ಕಾಲರಾದಂಥ ರೋಗದ ವಿಷ ಉಳಿದ ದಾರಿಗಳನ್ನು ಕೆಡಿಸಿ, ಉಪ್ಪಿನ ಇನ್ನೊಂದು ಭಾಗವಾದ ಕ್ಲೋರೈಡನ್ನೂ ನೀರನ್ನೂ ಹೊರಕ್ಕೆ ಸುರಿಸಿದರೂ ಈ ಬಾಗಿಲು ಕೆಡುವುದಿಲ್ಲ. ಉಪ್ಪು, ಗ್ಲೂಕೋಸ್ ಎರಡೂ ಇರುವ ಓಆರ್‌ಎಸ್ ಕೆಲಸ ಮಾಡುವುದು ಇಲ್ಲಿಯೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಇದನ್ನೇ ಬಾಯಿಯಿಂದ ಕುಡಿಸಿದರು. ಕಾಲರಾ ಸಾವು ನೂರಕ್ಕೆ ಸುಮಾರು 30 ಇದ್ದದ್ದು 4ಕ್ಕಿಂತ ಕೆಳಗೆ ಇಳಿಯಿತು.

ಬರೀ ನೀರು ಕೊಟ್ಟರೆ ಮಲದಲ್ಲಿ ಹೋದ ಉಪ್ಪು ವಾಪಸು ಬರುವುದಿಲ್ಲ. ಬಾಟಲಿ ಜ್ಯೂಸ್, ಕೋಲಾಗಳಲ್ಲಿ ಸಕ್ಕರೆ ವಿಪರೀತ. ಅದು ರಕ್ತದಿಂದಲೇ ನೀರನ್ನು ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಸೋಡಿಯಂ ಸಾಲದು.

ಇನ್ನು ಅಳತೆ. ದಯವಿಟ್ಟು ಅರ್ಧ ಪೊಟ್ಟಣದ ಲೆಕ್ಕ ಬಿಡಿ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ: ಸುಮಾರು 21 ಗ್ರಾಂನ ದೊಡ್ಡದು 1 ಲೀಟರ್ ನೀರಿಗೆ, 4 ಗ್ರಾಂ ಚಿಲ್ಲರೆಯ ಚಿಕ್ಕದು 200 ಮಿಲಿಗೆ. ದೊಡ್ಡದರ ಅರ್ಧವನ್ನು ಒಂದು ಲೋಟಕ್ಕೆ (200 ಮಿಲಿ) ಹಾಕಿದರೆ ದ್ರಾವಣ ಎರಡೂವರೆ ಪಟ್ಟು ಗಟ್ಟಿಯಾಗಿ ರಕ್ತದಲ್ಲಿ ಸೋಡಿಯಂ ಏರುತ್ತದೆ. ಮಗುವಿಗೆ ಇದು ಅಪಾಯ. ಪೊಟ್ಟಣದ ಮೇಲೆ ಬರೆದಷ್ಟು ನೀರನ್ನು, ಕಾವೇರಿಯದಾಗಲಿ ಟ್ಯಾಂಕರಿನದಾಗಲಿ, ಕುದಿಸಿ ಆರಿಸಿ ಅಳೆದುಕೊಂಡು ಇಡೀ ಪೊಟ್ಟಣವನ್ನು ಒಮ್ಮೆಲೇ ಕರಗಿಸಿ. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದ ರಾತ್ರಿ 1 ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ನಿಲ್ಲದಂತೆ ಬೆರಳಿನಿಂದ ಸವರಿ. ಉಪ್ಪು ಹಾಕಿದ ತೆಳು ಅಕ್ಕಿಗಂಜಿಯೂ ಒಳ್ಳೆಯದೇ, ಪಿಷ್ಟ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ.

ನಿಮ್ಮ ಮಗನ ವಯಸ್ಸಿಗೆ ಪ್ರತಿ ಭೇದಿಯ ನಂತರ 100ರಿಂದ 200 ಮಿಲಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕೊಡಿ. ಊಟ ನಿಲ್ಲಿಸಬೇಡಿ. ವೈದ್ಯರನ್ನು ಕೇಳಿ ಜಿಂಕ್ 20 ಮಿಗ್ರಾಂ, 14 ದಿನ. ಭೇದಿ ನಿಂತಿತೆಂದು ನಡುವೆ ಬಿಡಬಾರದು. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಆರು ಗಂಟೆ ಮೂತ್ರವಿಲ್ಲ, ಮಂಕು, ಕುಡಿಯಲೂ ಆಗದು ಎಂಬ ಸ್ಥಿತಿ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಲಬದ್ಧತೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದರೂ ಗುಣ ಕಾಣುತ್ತಿಲ್ಲವಲ್ಲ?
– ಓದುಗರು, ಮಲ್ಲೇಶ್ವರಂ

ಉತ್ತರ: ಹೆಚ್ಚಿಗೆ ಕುಡಿದದ್ದನ್ನು ಕರುಳು ಹೀರಿಬಿಡುತ್ತದೆ, ಮೂತ್ರವಾಗಿ ಹೋಗುತ್ತದೆ. ಮಲ ದೊಡ್ಡ ಕರುಳಿನಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಒಣಗುತ್ತದೆ. ನೀರನ್ನು ಮಲದಲ್ಲೇ ಹಿಡಿದಿಡುವುದು ನಾರು: ಸೊಪ್ಪು, ಕಾಳು, ರಾಗಿ, ಸಿಪ್ಪೆಸಮೇತ ಸೀಬೆ. ಮಲದ ಒತ್ತಡ ಬಂದಾಗ ತಡೆದುಕೊಳ್ಳಬೇಡಿ. ಬೆಳಗಿನ ತಿಂಡಿಯಾದ ಅರ್ಧ ಗಂಟೆಯೊಳಗೆ ಕರುಳು ತಾನೇ ಚುರುಕಾಗುತ್ತದೆ, ಆಗ ಹೋಗಿ.