ರೇಡಿಯೇಟರ್ ಗುಳುಗುಳು ಅಂದ್ರ ಅಂಜಬ್ಯಾಡ್ರಿ

ತಂಗಿ, ಹುಬ್ಬಳ್ಳಿ ಕೇಶ್ವಾಪುರದಿಂದ ಇಂಗ್ಲೆಂಡಿನ ರೆಡಿಂಗ್‌ಗೆ ಬಂದೀರಿ, ಬಾಡಿಗಿ ಮನ್ಯಾಗ ಹೀಟಿಂಗ್ ಚಾಲೂ ಮಾಡಿದಾಗಿಂದ ಮೂರು ನಮೂನಿ ಸಪ್ಪಳ ಅಂತ ಬರದೀರಿ: ರಾತ್ರಿ ನೆಲದ ಕೆಳಗ ಟಕ್ ಟಕ್, ಮಕ್ಕಳ ಖೋಲ್ಯಾಗಿನ ರೇಡಿಯೇಟರ್ (ಒಳಗ ಬಿಸಿನೀರು ಹರದು ಖೋಲಿ ಬೆಚ್ಚಗಿಡೂ ಗ್ವಾಡಿ ಮ್ಯಾಲಿನ ಹಲಗಿ) ಗುಳುಗುಳು, ಆ ನೀರು ಕಾಸೂ ಅಡಗಿಮನಿ ಬಾಯ್ಲರ್ ಗುಡುಗುಡು. ಅತ್ತಿಯವರು ಫೋನಿನಾಗ ವಾಸ್ತು ಶಾಂತಿ ಮಾಡಸ್ರಿ ಅಂದರಂತ. ಮಾಡಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದರ ಮೂರಕ್ಕೂ ಕಾರಣ ಬ್ಯಾರೆ ಬ್ಯಾರೆ, ಅದರಾಗ ಎರಡಕ್ಕ ಮೆಕ್ಯಾನಿಕ್ ಸುದ್ದಾ ಬೇಕಾಗಿಲ್ಲ.

ನಾನೂ ಧಾರವಾಡದಾಕಿ. ನಮ್ಮ ಕಡೆ ಒಂದು ಸ್ವೆಟರ್, ಒಂದು ಕೌದಿ ಇದ್ರ ಚಳಿಗಾಲ ಕಳೀತೈತಿ. ನೆಲದ ಕೆಳಗ ಬಿಸಿನೀರು ಓಡಾಡೂ ಮನ್ಯಾಗ ನಾವು ಯಾರೂ ಬೆಳದಿಲ್ಲ. ಹಿಂಗಾಗಿ ಇಲ್ಲಿನವರು ಕಿವಿಗೂ ಹಾಕ್ಕೊಳ್ಳದ ಸಪ್ಪಳಕ್ಕ ನಾವು ಎದ್ದು ಕುಂದರ್ತೀವಿ. ಎಂಥಾ ಸಪ್ಪಳ ಅಂತ ತಲಿ ಕೆಡಿಸ್ಕೊಳ್ಳೂಕಿಂತ ಮೊದಲ, ಅದು ಯಾವಾಗ ಬರ್ತೈತಿ ಅಂತ ನೋಡ್ರಿ. ಅರ್ಧ ಉತ್ತರ ಅಲ್ಲೇ ಸಿಗ್ತೈತಿ.

ಟಕ್ ಟಕ್ ಅನ್ನೂದು ಹೀಟಿಂಗ್ ಚಾಲೂ ಆದ ಸ್ವಲ್ಪ ಹೊತ್ತಿಗೆ ಶುರುವಾಗಿ, ತಾನ ನಿಂತು, ಬಂದ್ ಆದ ಮ್ಯಾಲ ಮತ್ತ ಬಂದ್ರ ಅದು ಪೈಪು. 10 ಮೀಟರ್ ತಾಮ್ರದ ಪೈಪ್ 50 ಡಿಗ್ರಿ ಬಿಸಿ ಏರಿದ್ರ ಹೆಚ್ಚುಕಡಿಮಿ 8 ಮಿಲಿಮೀಟರ್ ಉದ್ದ ಆಗ್ತೈತಿ. ಇಲ್ಲಿನ ಎಷ್ಟೋ ಮನಿಗಳ ನೆಲ ಕಟಗೀದು, ತೊಲಿ ಕೊರದು ಅದರಾಗ ಪೈಪ್ ಕುಂದ್ರಸಿರ್ತಾರ. ಬಿಗಿ ಇದ್ದಲ್ಲೆ ಪೈಪ್ ಸಿಕ್ಕೊಂಡು, ತಡೀಲಾರದ ಒಮ್ಮೆಲೆ ಜಾರ್ತೈತಿ. ನಿದ್ದಿ ಕೆಡಸ್ತೈತಿ, ಮನಿ ಕೆಡಸೂದಿಲ್ಲ. ಬಾಯ್ಲರಿನಿಂದ ರೇಡಿಯೇಟರ್‌ಗೆ ಹೋಗೂ ನೀರಿನ ಉಷ್ಣತೆ 75 ಡಿಗ್ರಿಗೆ ಇಟ್ಟಿದ್ರ 60ಕ್ಕ ಇಳಸ್ರಿ, ಟಕ್ ಟಕ್ ಕಡಿಮಿ ಆಗ್ತೈತಿ, ಗ್ಯಾಸಿನ ಬಿಲ್ಲೂ ಇಳೀತೈತಿ.

ಗುಳುಗುಳು ಅಂದ್ರ ಗಾಳಿ. ಹುಬ್ಬಳ್ಳ್ಯಾಗ ಭಾಳ ದಿನಕ್ಕ ನಳಾ ಬಂದಾಗ ಮೊದಲ ಬುಸ್ ಅಂತ ಗಾಳಿ, ಆಮ್ಯಾಲ ನೀರು ಬರೂದಿಲ್ಲೇನು, ಹಂಗ. ಆದರ ರೇಡಿಯೇಟರ್‌ನಾಗಿನ ಗಾಳಿಗೆ ಹೊರಗ ಹೋಗಾಕ ದಾರಿ ಇಲ್ಲ, ಮ್ಯಾಲ ಕುಂತಬಿಡ್ತೈತಿ. ಕೈಯಿಟ್ಟು ನೋಡ್ರಿ: ಮ್ಯಾಲ ತಣ್ಣಗ, ಕೆಳಗ ಬಿಸಿ ಇದ್ರ ಗಾಳೀನ. ಉಲ್ಟಾ, ಮ್ಯಾಲ ಬಿಸಿ ಇದ್ದು ಕೆಳಗ ನಡುವ ತಣ್ಣಗಿದ್ರ ಅದು ತುಕ್ಕಿನ ರಾಡಿ, ಅದು ನಮ್ಮ ಕೈಯಾಗಿನ ಕೆಲಸ ಅಲ್ಲ.

ಗಾಳಿ ತಗ್ಯಾಕ ಮೊದಲ ಹೀಟಿಂಗ್ ಬಂದ್ ಮಾಡಿ, ರೇಡಿಯೇಟರ್ ಪೂರಾ ತಣ್ಣಗಾಗಾಕ ಬಿಡ್ರಿ. ಮ್ಯಾಲಿನ ಮೂಲ್ಯಾಗ ಸಣ್ಣ ಚೌಕ ತಲಿಯ ಸ್ಕ್ರೂ ಕಾಣ್ತೈತಿ. ಅದಕ್ಕ ಹಾಕೂ ಪಿತ್ತಾಳಿ ಚಾವಿ ಯಾವ ಹಾರ್ಡ್‌ವೇರ್ ಅಂಗಡಿಯೊಳಗೂ ಸಿಗ್ತೈತಿ. ಕೆಳಗೊಂದು ಬೋಗುಣಿ ಹಿಡದು, ಹಳೇ ಅರವಿ ಒತ್ತಿಟ್ಟು, ಎಡಕ್ಕ ಕಾಲು ಸುತ್ತು ತಿರವ್ರಿ. ಸುಸ್ ಅಂತ ಗಾಳಿ ಬರ್ತೈತಿ, ಕಬ್ಬಿಣದ ವಾಸನಿ ಇರ್ತೈತಿ. ಗಾಳಿ ನಿಂತು ನೀರು ಜಿನುಗಿದ ಕೂಡ್ಲೇ ಬಿಗಿ ಮಾಡ್ರಿ. ಹುರುಪಿಲೆ ಪೂರಾ ಬಿಚ್ಚಬ್ಯಾಡ್ರಿ ಮತ್ತ. ಆ ಕರೇ ನೀರು ಮೊದಲ ಕಾರ್ಪೆಟ್ ಮ್ಯಾಲ, ಆಮ್ಯಾಲ ನಿಮ್ಮ ಡಿಪಾಸಿಟ್ ಮ್ಯಾಲ ಬೀಳ್ತೈತಿ.

ಗಾಳಿ ಹೋದಷ್ಟು ಒತ್ತಡಾನೂ ಇಳದಿರ್ತೈತಿ. ಬಾಯ್ಲರಿನ ಮುಳ್ಳು ನೋಡ್ರಿ, ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕು. ಕಡಿಮಿ ಇದ್ರ ಬಾಯ್ಲರ್ ಕೆಳಗಿನ ನೀರು ತುಂಬೂ ವಾಲ್ವ್ ತಿರವಿ ತುಂಬಸ್ರಿ, ಮರೀದ ಬಂದ್ ಮಾಡ್ರಿ. ವಾರಾ ವಾರಾ ತುಂಬಸೂ ಪಾಳಿ ಬಂದ್ರ ಎಲ್ಲೋ ಸೋರಾಕತ್ತೈತಿ ಅಂತನ ತಿಳೀರಿ. ಪ್ರತಿ ಸಲಾ ಹೊಸಾ ನೀರಿನ ಕೂಡ ಹೊಸಾ ಸುಣ್ಣಾನೂ ಒಳಗ ಹೋಗ್ತೈತಿ, ಆ ನೀರಿನಾಗಿನ ಆಮ್ಲಜನಕಕ್ಕ ರೇಡಿಯೇಟರ್ ಒಳಗಿಂದ ತುಕ್ಕು ಹಿಡೀತೈತಿ.

ಬಾಯ್ಲರ್ ಗುಡುಗುಡು ಅನ್ನೂದಕ್ಕ ಬಹುಶಃ ಕಾರಣ ಇದ. ರೆಡಿಂಗ್ ಇರೂ ಥೇಮ್ಸ್ ನದಿ ಬಯಲಿನ ನೀರು ಸೀಮೆಸುಣ್ಣದ ಬಂಡೆಗಲ್ಲಿನೊಳಗಿಂದ ಬರ್ತೈತಿ, ಭಾಳ ಗಡಸು. ನಿಮ್ಮ ಚಹಾದ ಕೆಟಲ್ ತಳಾ ನೋಡ್ರಿ, ಬಿಳೇ ಪದರ ಕುಂತಿರ್ತೈತಿ. ಬಾಯ್ಲರಿನಾಗ ಬೆಂಕಿ ಶಾಖ ನೀರಿಗೆ ದಾಟೂ ಜಾಗದಾಗ ಅಂಥಾ ಸುಣ್ಣ ಅಥವಾ ತುಕ್ಕಿನ ರಾಡಿ ಕುಂತ್ರ, ನೀರು ಸರಾಗ ಹರೀದ ಅಲ್ಲಲ್ಲೇ ಕುದ್ದು ಗುಳ್ಳಿ ಒಡೀತಾವ. ಇದಕ್ಕ ಗ್ಯಾಸ್ ಸೇಫ್ ರಿಜಿಸ್ಟರ್ ಅನ್ನೂ, ಗ್ಯಾಸ್ ಕೆಲಸ ಮಾಡಾಕ ಅಧಿಕಾರ ಇದ್ದವರ ಪಟ್ಟಿಯೊಳಗ ಹೆಸರಿರೂ ಎಂಜಿನಿಯರ್‌ನ ಬೇಕು, ಫೋಟೊ ಇರೂ ಕಾರ್ಡ್ ಕೇಳಿ ನೋಡ್ರಿ. ಕವರ್ ಬಿಚ್ಚೂ ಸಾಹಸ ನಿಮ್ಮ ಯಜಮಾನರಿಗೆ ಬ್ಯಾಡ, ಅವರು ಎಷ್ಟ ಹುಬ್ಬಳ್ಳಿ ಬಿವಿಬಿ ಕಾಲೇಜಿನೊಳಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿರಲಿ.

ರೊಕ್ಕ ನೀವು ಕೊಡೂದಲ್ಲ. ಬಾಡಿಗಿ ಮನಿ ಹೀಟಿಂಗ್ ರಿಪೇರಿ ಮಾಲಕರದ್ದು, ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸಿ ಅದರ ಪ್ರತಿ ನಿಮಗ ಕೊಡೂದೂ ಕಾಯ್ದೆ. ನನ್ನ ಮೊದಲಿನ ಏಜೆಂಟ್ "ಹಳೇ ಮನಿ, ಸಪ್ಪಳ ಇದ್ದದ್ದ" ಅಂತ ಒಂದು ಇಡೀ ಚಳಿಗಾಲ ದಾಟಿಸಿದ. ಎಂಜಿನಿಯರ್ ಬರೂ ಹೊತ್ತಿಗೆ ಬಾಯ್ಲರ್ ಬೇಕಂತನ ಸುಮ್ಮನಾಗ್ತೈತಿ, ಅದಕ್ಕ ಸಪ್ಪಳಾ ಫೋನಿನಾಗ ರೆಕಾರ್ಡ್ ಮಾಡ್ರಿ, ತಾರೀಖು, ವ್ಯಾಳ್ಯಾ ಹಾಕಿ ಇಮೇಲ್ ಕಳಸ್ರಿ. ಬಾಯಿಲೆ ಹೇಳಿದ್ದಕ್ಕ ಇಲ್ಲೆ ಕಿಮ್ಮತ್ತಿಲ್ಲ.

ಇವೆಲ್ಲಾ ಕೇಳೂ ಸಪ್ಪಳ. ಸಪ್ಪಳಾನ ಮಾಡದ್ದು ಕಾರ್ಬನ್ ಮಾನಾಕ್ಸೈಡ್, ಗ್ಯಾಸ್ ಸರಿಯಾಗಿ ಉರೀದಿದ್ರ ಹುಟ್ಟೂ ವಿಷದ ಗಾಳಿ. ಬಾಯ್ಲರ್ ಇರೂ ಖೋಲ್ಯಾಗ ಅದರ ಅಲಾರ್ಮ್ ಇರಬೇಕು, ಇಂಗ್ಲೆಂಡಿನಾಗ 2022ರ ಅಕ್ಟೋಬರ್‌ದಿಂದ ಬಾಡಿಗಿ ಮನಿಗೆ ಕಡ್ಡಾಯ. ಇವತ್ತ ಅದರ ಬಟನ್ ಒತ್ತಿ ನೋಡ್ರಿ. ಅದು ತಾನ ಕೂಗಿದ್ರ, ಇಲ್ಲಾ ಗ್ಯಾಸ್ ವಾಸನಿ ಬಂದ್ರ, ಕಿಟಕಿ ತಗದು, ಮಕ್ಕಳನ್ನ ಕರಕೊಂಡು ಹೊರಗ ಬಂದು ಗ್ಯಾಸಿನ ತುರ್ತು ನಂಬರ್ 0800 111 999ಕ್ಕ ಫೋನ್ ಮಾಡ್ರಿ. ಹಗಲಿರಲಿ ರಾತ್ರಿ ಇರಲಿ, ಎತ್ತತಾರ.